ಜಗಳವಿಲ್ಲದ ಜಾಗೃತಿ

ಸಂವಿಧಾನ ದಿನವಾದ ನವೆಂಬರ್ 26ರಂದು ದಾವಣಗೆರೆಯ ಯಾವುದೇ ಕಾಲೇಜಿನ ಮುಂದೆ ಹಾದುಹೋದರೂ ಸಂವಿಧಾನದ ಪೀಠಿಕೆ ಕಿವಿಗೆ ಬೀಳುವ ಸಾಧ್ಯತೆಯೇ ಹೆಚ್ಚು. ಒಬ್ಬರು ಮೈಕಿನಲ್ಲಿ ಹೇಳಿಕೊಡುತ್ತಾರೆ, ಕೈ ಮುಂದೆ ಚಾಚಿದ ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾರೆ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ನಡುವೆ ಒಂದು ಎಥ್ನಿಕ್ ಡೇ. ಅಂದು ಇಳಕಲ್ ಸೀರೆ, ಲಂಬಾಣಿ ಲಂಗ, ಪಂಚೆ, ಶೇರ್ವಾನಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ತೆಗೆದ ಫೋಟೊಗಳು ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲಿಗೆ ಸೇರುತ್ತವೆ.

ಇದನ್ನೆಲ್ಲ ಬರೀ ತೋರಿಕೆ ಎಂದು ತಳ್ಳಿಹಾಕುವುದು ಸುಲಭ, ನನಗೆ ಅದರಲ್ಲಿ ಆಸಕ್ತಿಯಿಲ್ಲ. ಜಗಳೂರಿನ ಕಡೆಯ ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ಸಾವಿರ ಜನರ ಮುಂದೆ ಪೀಠಿಕೆ ಹೇಳಿಕೊಡುತ್ತಾಳೆಂದರೆ ಅದು ಸಣ್ಣ ಸಂಗತಿಯಲ್ಲ. ನನ್ನನ್ನು ಕಾಡುವುದು ಅದರ ನಂತರದ್ದು. ಅದೇ ಹುಡುಗಿ ಸಂಜೆ ಗೆಳತಿಯೊಡನೆ ಬಾಡಿಗೆ ರೂಮು ಹುಡುಕಿಕೊಂಡು ಬಡಾವಣೆಗಳಲ್ಲಿ ಸುತ್ತಿದರೆ, ಮನೆಯೊಡತಿ ಅಡ್ವಾನ್ಸಿನ ಮಾತಿಗೂ ಮೊದಲು ಕೇಳುತ್ತಾಳೆ: “ನೀವು ಯಾವ ಜನ ಆಗ್ಬೇಕಮ್ಮಾ?” ಈ ಪ್ರಶ್ನೆಗೆ ಏನು ಹೇಳಬೇಕೆಂದು ಬೆಳಗಿನ ಕಾರ್ಯಕ್ರಮ ಅವಳಿಗೆ ಹೇಳಿಕೊಟ್ಟಿತೇ? ಹಾಗೆ ಕೇಳುವ ಮನೆಯವರ ಮಗನೂ ಅದೇ ಸಭಾಂಗಣದಲ್ಲಿ ಕೈ ಚಾಚಿ ನಿಂತಿದ್ದನಲ್ಲ, ಅವನಿಗೆ ಏನಾದರೂ ಚುಚ್ಚಿತೇ?

ಚುಚ್ಚಿರಲಾರದು. ಯಾರಿಗೂ ನೋವಾಗಬಾರದು ಎಂಬುದು ಇಂಥ ಕಾರ್ಯಕ್ರಮಗಳು ತಮಗೆ ತಾವೇ ಹಾಕಿಕೊಂಡ ಮೊದಲ ಷರತ್ತು. ಅತಿಥಿಗೆ ಮೈಸೂರು ಪೇಟ, ಮಕ್ಕಳಿಗೆ ಸರ್ಟಿಫಿಕೇಟು, ಕೊನೆಗೆ ವಂದನಾರ್ಪಣೆ. ಜಾತಿಯ ಬಗ್ಗೆ ಒಂದು ಗಂಟೆ ಮಾತು ನಡೆದರೂ ಸಭೆಯಲ್ಲಿ ಕೂತ ಒಬ್ಬರ ಜಾತಿಯೂ ಮಾತಿಗೆ ಬರುವುದಿಲ್ಲ.

ಈ ಸೀಮೆಯ ನೆನಪು ಬೇರೆಯದೇ ಇದೆ. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹುಟ್ಟಿದ್ದು 1938ರಲ್ಲಿ, ದಾವಣಗೆರೆ ಪಕ್ಕದ ಹರಿಹರದಲ್ಲಿ. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಅವರ ಚಳವಳಿಯ ಹಿಂದೆ ಒಂದು ಗದ್ದಲವಿದೆ. 1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದುಬಿಟ್ಟರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟಿದ್ದ ಮಂತ್ರಿ ಅವರು. ಕಾಲೇಜುಗಳು ಬೀದಿಗಿಳಿದವು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ಎಲ್ಲರದೂ ಎಂದುಕೊಂಡಿದ್ದ ಸಾಹಿತ್ಯದಲ್ಲಿ ತಾವು ಎಲ್ಲಿದ್ದೇವೆ ಎಂದು ಒಂದು ತಲೆಮಾರಿನ ಹುಡುಗರು ಕೇಳಿಕೊಂಡದ್ದು ಆ ಪೆಟ್ಟು ತಿಂದ ಮೇಲೆ. ಹಾಸ್ಟೆಲ್ ರೂಮುಗಳಲ್ಲಿ, ಕಾಲೇಜಿನ ಮರದಡಿಯಲ್ಲಿ, ಬೀದಿಯ ಹಾಡುಗಳಲ್ಲಿ ದಲಿತ ಚಳವಳಿ ಬೆಳೆಯಿತು. ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಈ ಜಾಗೃತಿಗೆ ಯಾವ ಸಂಸ್ಥೆಯೂ ಸುತ್ತೋಲೆ ಹೊರಡಿಸಿರಲಿಲ್ಲ.

ಅದೇ ವರ್ಷ ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗದ ವರದಿಯೂ ಬಂತು. ಹಾವನೂರರ ಊರು ರಾಣೆಬೆನ್ನೂರು, ಹರಿಹರದಿಂದ ಹೊಳೆ ದಾಟಿದರೆ ದೂರವೇನಲ್ಲ. ಹಿಂದುಳಿದವರ ಮಕ್ಕಳಿಗೆ ಕಾಲೇಜಿನ ಬೆಂಚು ಸಿಗುವ ದಾರಿಯನ್ನು ಆ ವರದಿ ಅಗಲ ಮಾಡಿತು. ಬೆಂಚು ಸಿಕ್ಕಿತು, ಪಕ್ಕದಲ್ಲಿ ಕೂತವರ ನಡುವಿನ ಮಾತು ಮಾತ್ರ ಇನ್ನೂ ಬಾಕಿಯಿದೆ.

ವೈವಿಧ್ಯದ ಭಾಷಣಕ್ಕೆ ನಮ್ಮ ಕಡೆ ಹರಿಹರೇಶ್ವರನನ್ನು ಎಳೆದು ತರದವರು ಕಡಿಮೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ, ಒಂದೇ ಕಲ್ಲಿನಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ದೊಡ್ಡ ಕಲ್ಪನೆ, ಒಪ್ಪೋಣ. ಆದರೆ ಅಲ್ಲಿ ಕೂಡಿಕೊಂಡವರು ಗರ್ಭಗುಡಿಯ ಅಧಿಕಾರವಿದ್ದ ಎರಡು ಪಂಥದವರು. ಹೊಸ್ತಿಲಾಚೆ ನಿಂತ ಕೇರಿಗಳಿಗೆ ಆ ರಾಜಿಯಲ್ಲಿ ಪಾಲಿರಲಿಲ್ಲ. ಬಲ್ಲಿದರಿಬ್ಬರು ಕೈ ಕುಲುಕಿದ್ದನ್ನು ಸಾಮಾಜಿಕ ನ್ಯಾಯ ಎಂದುಕೊಳ್ಳುವ ಅಭ್ಯಾಸ ನಮಗೆ ಹಳೆಯದು. ಎಥ್ನಿಕ್ ಡೇಯ ಸಾಲಿನಲ್ಲೂ ಅದೇ ನಡೆಯುತ್ತದೆ. ಅಲ್ಲಿ ಲಂಬಾಣಿ ಲಂಗ ಚೆಂದ ಕಾಣುತ್ತದೆ, ತಾಂಡಾದಿಂದ ಕಬ್ಬು ಕಡಿಯಲು ಗುಳೆ ಹೋದ ತಾಯಿ ಕಾಣುವುದಿಲ್ಲ.

ಹಾಗಾದರೆ ಜಗಳವೇ ಆಗಲಿ ಎನ್ನಬೇಕೇ? ಹರಿಹರ ಅದನ್ನೂ ಕಂಡಿದೆ. 2022ರ ಫೆಬ್ರುವರಿ 8ರಂದು ಹಿಜಾಬು, ಕೇಸರಿ ಶಾಲಿನ ಗಲಾಟೆ ಇಲ್ಲಿ ಕಲ್ಲು ತೂರಾಟಕ್ಕೆ ಹೋಯಿತು, ಪೊಲೀಸರು ಲಾಠಿ ಬೀಸಿದರು. ಹರಿಹರ, ದಾವಣಗೆರೆ ಎರಡೂ ಕಡೆ ನಿಷೇಧಾಜ್ಞೆ ಬಂತು. ಅಂದೇ ಸರ್ಕಾರ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟಿತು. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಶಾಂತಿಗಾಗಿ ರಜೆ ಬೇಕಿತ್ತೇನೋ, ಅದನ್ನು ಆಕ್ಷೇಪಿಸಲಾರೆ. ಬಾಗಿಲು ತೆರೆದ ಮೇಲಾದರೂ ಒಂದೇ ಡೆಸ್ಕಿನ ಇಬ್ಬರು ಹುಡುಗಿಯರನ್ನು ಎದುರುಬದುರು ಕೂರಿಸಿ, ಆ ವಾರ ನಿನಗೆ ಏನನ್ನಿಸಿತು ಎಂದು ಮೇಷ್ಟ್ರು ಕೇಳಬಹುದಿತ್ತು. ಕೇಳಿದವರು ಎಲ್ಲೋ ಇದ್ದಿರಬಹುದು. ಆದರೆ ಹಾಗೆ ಕೇಳುವುದು ಮೇಷ್ಟ್ರ ಕೆಲಸವೆಂದು ವ್ಯವಸ್ಥೆ ಒಪ್ಪಿಕೊಂಡಿಲ್ಲ. ಕೇಳಿದವರಿಗೆ ನೋಟಿಸಿನ ಭಯವೇ ಹೆಚ್ಚು.

1973ರ ಏಟು, 2022ರ ಕಲ್ಲು ಇವೆರಡೂ ಬೇಡ. ಫೋಟೊಗೆ ನಿಂತ ನಗುವೂ ಸಾಲದು. ನಡುವೆ ಇರಬೇಕಾದ್ದು ಏಟಿಗೆ ತಿರುಗದ ಜಗಳ, ಅಂದರೆ ಹೆಸರು ಹಿಡಿದು ಕೇಳುವ, ಕೇಳಿಸಿಕೊಂಡವರು ಎದ್ದು ಹೋಗದ ಜಗಳ. ಎನ್ಎಸ್ಎಸ್ ಶಿಬಿರಕ್ಕೆ ಇಂಥದೊಂದು ಅವಕಾಶ ಇದ್ದೇ ಇದೆ. ಏಳು ದಿನ ಹಳ್ಳಿಯಲ್ಲಿ ಇರುತ್ತಾರೆ, ಚರಂಡಿ ತೆಗೆಯುತ್ತಾರೆ, ಗಿಡ ನೆಡುತ್ತಾರೆ. ಒಂದು ಹೊತ್ತಿನ ಊಟ ಕೇರಿಯ ಮನೆಗಳಲ್ಲಿ ಎಂದು ಗೊತ್ತುಮಾಡಲಿ. ಯಾರು ಉಂಡರು, ಯಾರಿಗೆ ಅಂದೇ ಹೊಟ್ಟೆನೋವು ಬಂತು ಎಂಬುದರ ಮೇಲೆ ರಾತ್ರಿ ಚರ್ಚೆಯಾಗಲಿ. ಯಾವ ಉಪನ್ಯಾಸವೂ ಅದಕ್ಕೆ ಸಮನಾಗದು.

ಕಾನೂನಿನ ಕೊರತೆಯಂತೂ ಇಲ್ಲ. ಪ್ರತಿ ಕಾಲೇಜಿನಲ್ಲೂ ಸಮಾನ ಅವಕಾಶ ಕೋಶ, ತಾರತಮ್ಯ ತಡೆಯುವ ಅಧಿಕಾರಿ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿತ್ತು. ಅಂಥ ಅಧಿಕಾರಿಯನ್ನು ಸಮಾರಂಭದ ವೇದಿಕೆಗೆ ಕರೆದು, ತಾವು ಕೂರುವ ಕೋಣೆ ಯಾವುದು, ಕಳೆದ ವರ್ಷ ಬಂದ ದೂರುಗಳೆಷ್ಟು, ಅವು ಏನಾದವು ಎಂದು ಹೇಳಿಸಲಿಕ್ಕೆ ಐದು ನಿಮಿಷ ಸಾಕು. ಒಂದೂ ದೂರು ಬಂದಿಲ್ಲ ಎಂದು ಅವರು ಹೇಳಿದರೆ ಚಪ್ಪಾಳೆ ಬೀಳುವ ಮೊದಲು ಯಾರಾದರೂ ಎದ್ದು, ಯಾಕೆ ಬಂದಿಲ್ಲ ಸಾರ್ ಎಂದು ಕೇಳಲಿ.