ಹೊರಡುವವನ ಹೊರೆ

ನಮ್ಮ ಮದುವೆಗಳಲ್ಲಿ ಕಾಶೀಯಾತ್ರೆಯೆಂಬ ಒಂದು ವಿನೋದವುಂಟು. ವರನು ಕೊಡೆ, ಕೋಲು, ಪುಸ್ತಕಗಳನ್ನು ಹಿಡಿದು, ಸಂಸಾರದ ಗೊಡವೆ ತನಗೆ ಬೇಡವೆಂದು ಕಾಶಿಗೆ ಹೊರಡುತ್ತಾನೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಕನ್ಯೆಯ ತಂದೆಯು ಅಡ್ಡಬಂದು, ಮಗಳನ್ನು ಕೊಡುವೆನೆಂದು ಒಡಂಬಡಿಸಿ ಮಂಟಪಕ್ಕೆ ಕರೆತರುತ್ತಾನೆ. ಹಾಗೆ ಹಿಂದಿರುಗಿದವನು ಮೂವತ್ತು ಮೂವತ್ತೈದು ವರ್ಷಗಳ ಕಾಲ ಕಚೇರಿಯ ಗಡಿಯಾರಕ್ಕೂ ಮನೆಯ ಪಂಚಾಂಗಕ್ಕೂ ತಗ್ಗಿ ನಡೆದು, ಅರುವತ್ತು ತುಂಬಿ, ಹಾರ ಹಾಕಿಸಿಕೊಂಡು ಮನೆಗೆ ಬಂದ ಮೇಲೆ, ಅಂದು ನಿಂತುಹೋದ ಆ ಯಾತ್ರೆಯನ್ನು ಜ್ಞಾಪಿಸಿಕೊಳ್ಳುವುದುಂಟು. ಈ ಸಲ ಅಡ್ಡಬರುವುದಕ್ಕೆ ಮಾವನವರು ಇರುವುದಿಲ್ಲ.

ಹೀಗೆ ಜ್ಞಾಪಿಸಿಕೊಂಡವರು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಕಾಣಬರುತ್ತಿದ್ದಾರೆ. ಬಸ್ಸಿನಲ್ಲಿ ಕುಳಿತು ಹತ್ತು ದಿನಗಳಲ್ಲಿ ಏಳು ದೇಶಗಳನ್ನು ಕಿಟಕಿಯಿಂದ ನೋಡಿಬರುವುದು ಇಂತಹವರಿಗೆ ರುಚಿಸದು. ಬೆನ್ನಿಗೆ ಒಂದು ಚೀಲವನ್ನು ಕಟ್ಟಿಕೊಂಡು ಪರದೇಶದಲ್ಲಿ ಎರಡು ಮೂರು ತಿಂಗಳು ಕಾಲ್ನಡೆಯಿಂದ ತಿರುಗಬೇಕೆಂಬುದು ಅವರ ಅಪೇಕ್ಷೆ. ಇದು ಯುಕ್ತವೋ ಅಯುಕ್ತವೋ ಎಂದು ಕೇಳಿದರೆ ಎರಡು ಉತ್ತರಗಳು ಸಿದ್ಧವಾಗಿ ದೊರೆಯುತ್ತವೆ. ವಯಸ್ಸಾದ ಮೇಲೆ ಮನೆಯಲ್ಲಿ ಕುಳಿತು ನಾಮಸ್ಮರಣೆ ಮಾಡುವುದನ್ನು ಬಿಟ್ಟು ಈ ಚಪಲವೇಕೆ ಎಂಬುದು ಒಂದು. ಇಷ್ಟು ವರ್ಷ ದುಡಿದವನಿಗೆ ಇಷ್ಟಾದರೂ ಸ್ವಾತಂತ್ರ್ಯ ಬೇಡವೆ ಎಂಬುದು ಇನ್ನೊಂದು. ಮೊದಲನೆಯವರು ಮುಪ್ಪನ್ನು ಸೆರೆವಾಸವೆಂದು ತಿಳಿದಂತಿದೆ. ಎರಡನೆಯವರು ನಿವೃತ್ತಿಯನ್ನು ಸಾಲದ ವಸೂಲಿಯೆಂದು ತಿಳಿದಂತಿದೆ. ನನಗೆ ತೋರುವಂತೆ ಈ ಪ್ರಶ್ನೆಯು ಹೋಗುವ ದೇಶದಿಂದಾಗಲಿ ಹೋಗುವವನ ವಯಸ್ಸಿನಿಂದಾಗಲಿ ನಿರ್ಣಯವಾಗತಕ್ಕದ್ದಲ್ಲ. ಅವನು ಹೊರಡುವುದಕ್ಕೆ ಯಾವ ರೀತಿಯಲ್ಲಿ ಸಿದ್ಧನಾದನೆಂಬುದರಿಂದ ನಿರ್ಣಯವಾಗತಕ್ಕದ್ದು.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ದಾರಿಯನ್ನೇ ತೆಗೆದುಕೊಳ್ಳೋಣ. ಸ್ಪೇನ್ ದೇಶದ ವಾಯವ್ಯದಲ್ಲಿ ಸಾಂತಿಯಾಗೊ ದೆ ಕಾಂಪೊಸ್ತೇಲಾ ಎಂಬ ಕ್ರೈಸ್ತ ಕ್ಷೇತ್ರವಿದೆ. ಸಂತ ಯಾಕೋಬನ ಸಮಾಧಿಯು ಅಲ್ಲಿದೆಯೆಂಬ ನಂಬಿಕೆಯಿಂದ ಸಾವಿರ ವರ್ಷಗಳಿಗೂ ಮಿಕ್ಕಿ ಜನರು ಅಲ್ಲಿಗೆ ನಡೆದು ಬರುತ್ತಿದ್ದಾರೆ. ಫ್ರಾನ್ಸಿನ ಗಡಿಯೊಳಗಿನ ಸ್ಯಾಂ-ಜಾಂ-ಪಿಯೆ-ದ-ಪೋರ್ ಎಂಬ ಊರಿನಿಂದ ಹೊರಟರೆ ಸುಮಾರು 780 ಕಿಲೋಮೀಟರ್. ಸಾಧಾರಣ ನಡಿಗೆಯವರಿಗೆ ಐದು ವಾರ. ಕೊನೆಯ ನೂರು ಕಿಲೋಮೀಟರನ್ನು ಮಾತ್ರ ನಡೆದವರಿಗೂ ಪ್ರಮಾಣಪತ್ರವನ್ನು ಕೊಡುತ್ತಾರೆ. 2024ರಲ್ಲಿ ಈ ಪತ್ರವನ್ನು ಪಡೆದವರು ಐದು ಲಕ್ಷಕ್ಕೆ ಸಮೀಪ. ಅವರೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಎಲ್ಲರೂ ಭಕ್ತರಲ್ಲ, ಎಲ್ಲರೂ ಕ್ರೈಸ್ತರೂ ಅಲ್ಲ. ರಾತ್ರಿ ತಂಗುವುದಕ್ಕೆ ಊರೂರಿಗೆ ಛತ್ರಗಳಂತಹ ವಸತಿಗಳಿವೆ. ಒಂದರ ಮೇಲೊಂದು ಮಂಚ, ಒಂದೇ ಕೋಣೆಯಲ್ಲಿ ಹತ್ತಿಪ್ಪತ್ತು ಜನ. ಗೊರಕೆ ಹೊಡೆಯುವವರಿಗೆ ಅಲ್ಲಿ ಜಾತಿ ಮತ ರಾಷ್ಟ್ರಗಳ ಭೇದವಿಲ್ಲವೆಂದು ಹೋಗಿಬಂದವರು ಹೇಳುತ್ತಾರೆ.

ಈ ದಾರಿಗೆ ಸಿದ್ಧರಾಗುವವರ ಮುಖ್ಯವಾದ ಶಾಸ್ತ್ರವೆಂದರೆ ತೂಕದ ಶಾಸ್ತ್ರ. ಚೀಲದ ಭಾರವು ದೇಹಭಾರದ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂಬುದು ರೂಢಿಯಲ್ಲಿರುವ ಸೂತ್ರ. ಅರುವತ್ತೈದು ಕಿಲೋ ತೂಗುವವನು ಆರೂವರೆ ಕಿಲೋ ಮಾತ್ರ ಹೊರಬಹುದು. ಖಾಲಿ ಚೀಲವೇ ಒಂದು ಕಿಲೋವಿಗೆ ಮೇಲಾಗುತ್ತದೆ, ಕುಡಿಯುವ ನೀರು ಇನ್ನೊಂದು ಕಿಲೋ. ಉಳಿದುದರಲ್ಲಿ ಹೊದಿಕೆ, ಮಳೆಯಂಗಿ, ಬದಲಿಗೆ ಒಂದು ಜೊತೆ ಬಟ್ಟೆ, ಔಷಧ, ಹಲ್ಲುಜ್ಜುವ ಕಡ್ಡಿ. ಆ ಕಡ್ಡಿಯ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿಕೊಳ್ಳುವ ಮಹನೀಯರೂ ಇದ್ದಾರೆ. ನಗುವಂತಿಲ್ಲ. ಮೊದಲನೆಯ ದಿನವೇ ಸುಮಾರು 170 ಮೀಟರ್ ಎತ್ತರದ ಊರಿನಿಂದ 1,400 ಮೀಟರಿಗೂ ಮೇಲಕ್ಕೆ ಪಿರೆನೀಸ್ ಪರ್ವತವನ್ನು ಏರಿ, ಅತ್ತಕಡೆ ರೊನ್ಸೆಸ್ವಾಯೆಸ್ ಎಂಬ ಹಳೆಯ ಮಠದ ಬಳಿಗೆ ಇಳಿಯಬೇಕು. ಸುಮಾರು ಇಪ್ಪತ್ತೈದು ಕಿಲೋಮೀಟರ್. ಮನೆಯಲ್ಲಿ ‘ಇರಲಿ’ ಎಂದು ಹಾಕಿಕೊಂಡ ಒಂದೊಂದು ಪದಾರ್ಥವೂ ಆ ಏರಿನಲ್ಲಿ ಮಂಡಿಗಳಿಗೆ ಲೆಕ್ಕ ಒಪ್ಪಿಸುತ್ತದೆ. ಜಪಾನಿನ ಕವಿ ಬಾಶೋ 1689ರಲ್ಲಿ ಮನೆಯನ್ನು ಪರರಿಗೆ ಕೊಟ್ಟು ಉತ್ತರದೇಶಕ್ಕೆ ನಡೆದು ಹೊರಟಾಗ ಅವನಿಗೂ ಇದೇ ತೊಂದರೆ. ಬರಿಗೈಯಲ್ಲಿ ಹೋಗಬೇಕೆಂದಿದ್ದವನ ಹೆಗಲಿಗೆ ಚಳಿಯ ಅಂಗಿ, ಮಳೆಯ ಹೊದಿಕೆ, ಮಸಿ ಲೇಖನಿಗಳಲ್ಲದೆ, ಬೀಳ್ಕೊಟ್ಟವರು ಪ್ರೀತಿಯಿಂದ ಕೊಟ್ಟ ಉಡುಗೊರೆಗಳೂ ಸೇರಿದುವು. ಅವನ್ನು ಹೊರುವುದೂ ಕಷ್ಟ, ಎಸೆಯುವುದೂ ಕಷ್ಟವೆಂದು ಅವನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ನಮ್ಮವರು ಹೊರಟಾಗ ಚಕ್ಕುಲಿ, ಚಟ್ನಿಪುಡಿಯ ಡಬ್ಬಗಳು ಬರುವುದೂ ಈ ಮಾರ್ಗದಿಂದಲೇ.

ಹೊರೆಯು ಎರಡು ಬಗೆಯಲ್ಲಿ ಹಗುರವಾಗುತ್ತದೆ. ಬೇಡವಾದುದನ್ನು ಬಿಟ್ಟುಬಿಡುವುದು ಒಂದು. ಅದನ್ನು ಬೇರೊಬ್ಬರ ಹೆಗಲಿಗೆ ವರ್ಗಾಯಿಸುವುದು ಇನ್ನೊಂದು. ನೋಡುವವರ ಕಣ್ಣಿಗೆ ಎರಡೂ ಒಂದೇ: ಯಾತ್ರಿಕನು ಹಗುರಾಗಿ ನಡೆಯುತ್ತಿರುತ್ತಾನೆ. ಸಾಂತಿಯಾಗೋವಿನ ದಾರಿಯಲ್ಲೇ ಬೆಳಿಗ್ಗೆ ಚೀಲವನ್ನು ಬಾಗಿಲಲ್ಲಿಟ್ಟರೆ ಸಂಜೆಗೆ ಮುಂದಿನ ಊರಿನಲ್ಲಿ ಮುಟ್ಟಿಸುವ ಗಾಡಿಗಳುಂಟು. ನೋಯುವ ಬೆನ್ನಿನವರು ಇದನ್ನು ಉಪಯೋಗಿಸಿಕೊಂಡರೆ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಹಣ ಕೊಟ್ಟಿದ್ದಾರೆ, ಕೂಲಿಯಾಗಿದೆ, ವ್ಯವಹಾರವು ಬಯಲಿನಲ್ಲಿ ನಡೆದಿದೆ. ಏನುಗುಲ ವೀರಾಸ್ವಾಮಯ್ಯನವರು 1830ರಲ್ಲಿ ಮದರಾಸಿನಿಂದ ಹೊರಟು 1831ರಲ್ಲಿ ಹಿಂದಿರುಗಿದ ಕಾಶೀಯಾತ್ರೆಯಲ್ಲಿ ಪಲ್ಲಕ್ಕಿಯ ಬೋವಿಗಳೂ ಆಳುಗಳೂ ಸೇರಿ ಪರಿವಾರವು ನೂರರ ಸಮೀಪವಿತ್ತು. ಅಲ್ಲಿಯೂ ಯಾರು ಯಾರನ್ನು ಹೊತ್ತರೆಂಬುದರಲ್ಲಿ ಗುಟ್ಟಿರಲಿಲ್ಲ. ಕೂಲಿಯಿಲ್ಲದೆ, ಹೆಸರಿಲ್ಲದೆ, ಕೇಳದೆ ವರ್ಗಾಯಿಸಿದ ಹೊರೆಯ ಮಾತು ಬೇರೆ. ಅದು ಚೀಲದಲ್ಲಿರುವುದಿಲ್ಲ, ಮನೆಯಲ್ಲಿರುತ್ತದೆ. ಆರೂವರೆ ಕಿಲೋವನ್ನು ಔಷಧದ ತಕ್ಕಡಿಯಲ್ಲಿ ತೂಗುವ ಗೃಹಸ್ಥನು, ತಾನು ಹೋದ ಮರುದಿನ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕೈ ಯಾರದೆಂಬುದನ್ನು ಅದೇ ತಕ್ಕಡಿಗೆ ಹಾಕುವುದು ಅಪರೂಪ.

ನಮ್ಮ ಪೂರ್ವಿಕರಿಗೆ ಈ ವಿಷಯವು ಹೊಳೆಯದೆ ಇರಲಿಲ್ಲ. ಚರ್ಮ ಸುಕ್ಕಾಗಿ, ಕೂದಲು ನರೆತು, ಮಗನ ಮಗನನ್ನು ಕಂಡ ಮೇಲೆ ಗೃಹಸ್ಥನು ಅರಣ್ಯಕ್ಕೆ ಹೋಗಬಹುದೆಂದು ಮನುವು ವಿಧಿಸುತ್ತಾನೆ. ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಿಯಾದರೂ ಹೋಗಲಿ, ಅಥವಾ ಆಕೆಯೊಡನೆಯೇ ಹೋಗಲಿ ಎನ್ನುತ್ತಾನೆ. ಋಣಗಳನ್ನು ತೀರಿಸದೆ ಮೋಕ್ಷಕ್ಕೆ ಮನಸ್ಸಿಡುವವನು ಕೆಳಕ್ಕೆ ಬೀಳುತ್ತಾನೆಂದೂ ಎಚ್ಚರಿಸುತ್ತಾನೆ. ಇಷ್ಟೆಲ್ಲ ಸರಿ. ಆದರೆ ‘ಒಪ್ಪಿಸಿ’ ಎಂಬಲ್ಲಿ ಒಪ್ಪಬೇಕಾದವರ ಅಭಿಪ್ರಾಯವೇನೆಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಬೃಹದಾರಣ್ಯಕದ ಯಾಜ್ಞವಲ್ಕ್ಯನು ಮನೆಬಿಟ್ಟು ಹೊರಡುವಾಗ ಇಬ್ಬರು ಹೆಂಡಿರಿಗೂ ಆಸ್ತಿಯನ್ನು ಹಂಚಿಕೊಡಲು ಬಂದ. ಮೈತ್ರೇಯಿಯು ಪ್ರಶ್ನಿಸಿದುದರಿಂದ ಜಗತ್ತಿಗೆ ಒಂದು ಮಹಾಸಂವಾದವು ದೊರೆಯಿತು. ಕಾತ್ಯಾಯನಿಯ ಮಾತು ಮಾತ್ರ ಒಂದೂ ಇಲ್ಲ. ಮನೆಯನ್ನು ನಡೆಸಿಕೊಂಡು ಉಳಿದವಳು ಆಕೆಯೇ ಇರಬೇಕೆಂದು ನನ್ನ ಊಹೆ. ಇವೆರಡಕ್ಕಿಂತಲೂ ಸತ್ಯಕ್ಕೆ ಹತ್ತಿರವಾಗಿ ತೋರುವುದು ಮಹಾಭಾರತದ ಆಶ್ರಮವಾಸಿಕಪರ್ವ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದುದರಿಂದ ನಮ್ಮ ಗಮಕಿಗಳ ಬಾಯಲ್ಲಿ ಇದು ಕೇಳಿಬರುವುದು ವಿರಳ. ಯುದ್ಧವು ಮುಗಿದು ಹದಿನೈದು ವರ್ಷಗಳಾದ ಮೇಲೆ ಧೃತರಾಷ್ಟ್ರನು ವನಕ್ಕೆ ಹೊರಡುತ್ತಾನೆ. ಧರ್ಮರಾಯನ ಅಪ್ಪಣೆಯನ್ನು ಕೇಳುತ್ತಾನೆ. ಪ್ರಜೆಗಳನ್ನು ಕರೆಯಿಸಿ ಅವರ ಅನುಮತಿಯನ್ನೂ ಬೇಡುತ್ತಾನೆ. ಸತ್ತವರ ಶ್ರಾದ್ಧಕ್ಕೆ ಹಣ ಬೇಕೆಂದು ವಿದುರನ ಮೂಲಕ ಹೇಳಿಕಳುಹಿಸಿದಾಗ ಭೀಮನು ‘ಕೊಡಕೂಡದು’ ಎಂದು ನಿಲ್ಲುತ್ತಾನೆ. ಅರ್ಜುನನು ಸಮಾಧಾನಪಡಿಸಬೇಕಾಗುತ್ತದೆ, ಯುಧಿಷ್ಠಿರನು ಹಣ ಕೊಡುತ್ತಾನೆ. ಭೀಮನ ಮಾತು ಕಠಿನವಾದುದೇ ಸರಿ. ಆದರೂ ಕವಿಯು ಅದನ್ನು ಮುಚ್ಚಿಡಲಿಲ್ಲ. ವೃದ್ಧನ ವೈರಾಗ್ಯದ ವೆಚ್ಚವು ಯಾರ ಬೊಕ್ಕಸದಿಂದ ಬರುತ್ತದೆಂಬುದನ್ನು ಸಭೆಯ ನಡುವೆ ಒಬ್ಬನಾದರೂ ಕೇಳಿದನಷ್ಟೆ.

ನನಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರು ಈ ಸ್ಪೇನಿನ ದಾರಿಗೆ ಒಂದು ವರ್ಷದಿಂದ ಸಿದ್ಧರಾಗುತ್ತಿದ್ದರು. ಪ್ರತಿದಿನ ಬೆಳಗ್ಗೆ ಚೀಲದಲ್ಲಿ ಅಕ್ಕಿ ತುಂಬಿಕೊಂಡು ಕೆರೆಯ ಏರಿಯ ಮೇಲೆ ನಡೆಯುವರು. ಸ್ಪೇನ್ ಭಾಷೆಯ ನೂರು ಮಾತುಗಳನ್ನು ಕಲಿತರು. ಮನೆಯಲ್ಲಿ ಎಂಬತ್ತೆಂಟು ವರ್ಷದ ತಾಯಿ. ಏಪ್ರಿಲ್ ತಿಂಗಳಿಗೆ ಹೊರಡುವುದೆಂದು ಗೊತ್ತುಮಾಡಿ, ಬೇರೆ ಊರಿನಲ್ಲಿರುವ ತಂಗಿಗೆ, “ಅಮ್ಮನನ್ನು ನೋಡಿಕೊಳ್ಳುವುದಕ್ಕೆ ನೀನಿದ್ದೀಯಲ್ಲ” ಎಂದರು. ಆಕೆ ಹೇಳಿದಳಂತೆ: “ಇರುವುದೇನೋ ಇದ್ದೇನೆ, ಅಣ್ಣ. ಬಂದಿರುವುದಕ್ಕೆ ಆಗುತ್ತದೆಯೇ ಎಂದು ನೀನು ಕೇಳಲಿಲ್ಲ.” ಏಪ್ರಿಲಿನಲ್ಲಿ ಆಕೆಯ ಮಗಳ ಬಾಣಂತನವಿತ್ತು. ಉಪಾಧ್ಯಾಯರು ಎರಡು ದಿನ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಆಮೇಲೆ ಯಾತ್ರೆಯನ್ನು ಸೆಪ್ಟೆಂಬರಿಗೆ ತಳ್ಳಿದರು, ಮೂರು ತಿಂಗಳನ್ನು ಆರು ವಾರಕ್ಕೆ ಇಳಿಸಿದರು. ಅಕ್ಕಿಯ ಚೀಲವನ್ನು ಹೊತ್ತ ವರ್ಷಪೂರ್ತಿಯ ಅಭ್ಯಾಸಕ್ಕಿಂತ ಈ ಎರಡು ದಿನಗಳೇ ಅವರ ನಿಜವಾದ ಸಿದ್ಧತೆಯೆಂದು ನಾನು ಎಣಿಸುತ್ತೇನೆ. ‘ಆಗದು’ ಎನ್ನುವುದಕ್ಕೆ ಎಡೆಯಿರುವಂತೆ, ಟಿಕೀಟು ಕೊಳ್ಳುವ ಮೊದಲು ಕೇಳಿದರೆ ಅದು ಕೇಳುವುದು. ಕೊಂಡ ಮೇಲೆ ಕೇಳುವುದು ತಿಳಿಯಪಡಿಸುವುದಷ್ಟೆ.

ಇಲ್ಲಿ ಒಂದು ಆಕ್ಷೇಪಣೆಯು ನ್ಯಾಯವಾಗಿಯೇ ಏಳುತ್ತದೆ. ಎಲ್ಲರ ಹೊರೆಯೂ ಇಳಿದ ಮೇಲೆ ಹೊರಡುವೆನೆಂದರೆ ಯಾರಾದರೂ ಎಂದಾದರೂ ಹೊರಟಾರೆ? ಇಂದಿನ ಬಾಣಂತನವು ಮುಗಿದರೆ ನಾಳೆ ಇನ್ನೊಂದು ಉಪನಯನ. ಅಷ್ಟರಲ್ಲಿ ಮಂಡಿಚಿಪ್ಪು ಸವೆಯುತ್ತದೆ. ಅರುವತ್ತೆರಡರಲ್ಲಿ ಏರಬಲ್ಲ ಪರ್ವತವನ್ನು ಎಪ್ಪತ್ತೆರಡರಲ್ಲಿ ಏರಲಾಗದು. ಬಂಧುಗಳು ಕೆಲವರು ತಮ್ಮ ಅಕ್ಕರೆಯನ್ನೇ ಹಗ್ಗವಾಗಿ ಮಾಡಿ ಕಟ್ಟಿಹಾಕುವುದೂ ಉಂಟೆಂಬುದನ್ನು ನಾನು ಬಲ್ಲೆ. ಆದುದರಿಂದ ಎಲ್ಲರ ಒಪ್ಪಿಗೆಯಾಗುವವರೆಗೂ ಕಾಯಬೇಕೆಂದು ನಾನು ಹೇಳುವುದಿಲ್ಲ. ಯಾರ ಮೇಲೆ ಎಷ್ಟು ಬೀಳುತ್ತದೆಂಬುದು ಹೊರಡುವವನಿಗೂ ಉಳಿಯುವವರಿಗೂ ಒಂದೇ ರೀತಿಯಾಗಿ ತಿಳಿದಿರಬೇಕು. ಅದನ್ನು ಹೊರುವವರು ತಿಳಿದು ಹೊರಬೇಕು. ಅವರ ಸರದಿಯೂ ಬರಬೇಕು. ಅಡಿಗೆಮನೆಗೆ ಅರುವತ್ತರ ನಿಯಮವಿಲ್ಲ. ಗಂಡನು ನಿವೃತ್ತನಾದ ಮೇಲೆ ಎರಡು ಹೊತ್ತಿನ ಕಾಫಿ ನಾಲ್ಕು ಹೊತ್ತಾಗುವುದೇ ಅನೇಕ ಗೃಹಿಣಿಯರು ಕಂಡ ನಿವೃತ್ತಿ. ಅಂತಹ ಮನೆಯಿಂದ ಆತನು ಮೂರು ತಿಂಗಳು ಹೊರಗಿದ್ದರೆ ಆಕೆಗೆ ವಿಶ್ರಾಂತಿಯೇ ಆಗಬಹುದು, ಆ ಮಾತು ಬೇರೆ. ಆಕೆಗೂ ಒಂದು ಚೀಲವನ್ನು ಬೆನ್ನಿಗೇರಿಸುವ ಮನಸ್ಸಿದೆಯೇ ಎಂದು ಕೇಳಿದವರು ಎಷ್ಟು ಮಂದಿ? ಛತ್ರದ ನಲ್ಲಿಯ ಕೆಳಗೆ ದಿನವೂ ತನ್ನ ಅಂಗಿಯನ್ನು ತಾನೇ ಒಗೆದುಕೊಳ್ಳಬೇಕಾದವನು ಆ ಅಭ್ಯಾಸವನ್ನು ಮನೆಯ ಹಿತ್ತಿಲಿನಲ್ಲೇ ಆರಂಭಿಸಿದರೆ ನಷ್ಟವೇನೂ ಇಲ್ಲ.

ಕಾಗದಪತ್ರಗಳ ಸಿದ್ಧತೆಯನ್ನು ಜನರು ಬೇಸರದ ಕೆಲಸವೆಂದು ಎಣಿಸುತ್ತಾರೆ. ನನಗೆ ಅದರಲ್ಲಿ ಒಂದು ವಿಚಿತ್ರವಾದ ಪ್ರಾಮಾಣಿಕತೆ ಕಾಣುತ್ತದೆ. ಸ್ಪೇನ್ ಮೊದಲಾದ ಷೆಂಗೆನ್ ದೇಶಗಳಲ್ಲಿ ನಮ್ಮಂತಹ ಪ್ರವಾಸಿಯು ಯಾವ 180 ದಿನಗಳನ್ನು ಎಣಿಸಿದರೂ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ; ಕನಿಷ್ಠ 30,000 ಯೂರೋವಿನ ವಿಮೆಯನ್ನು ತೋರಿಸಬೇಕು. ಕಾಯಿಲೆಯಾದರೆ ಸ್ವದೇಶಕ್ಕೆ ಸಾಗಿಸುವ ವೆಚ್ಚ, ಆಸ್ಪತ್ರೆಯ ವೆಚ್ಚ, ಮರಣವಾದರೆ ಅದರ ವೆಚ್ಚ, ಎಲ್ಲವೂ ಅದರಲ್ಲಿ ಅಡಕವಾಗಿರಬೇಕೆಂದು ನಿಯಮ. ಮನೆಯವರು ಆಡಲು ಅಂಜಿ ನುಂಗಿಕೊಳ್ಳುವ ಮಾತನ್ನು ಅಪರಿಚಿತ ಸರ್ಕಾರವೊಂದು ಅಚ್ಚಿನ ಅಕ್ಷರದಲ್ಲಿ ಕೇಳುತ್ತದೆ. ಅದಕ್ಕೆ ಉತ್ತರ ಬರೆಯುವ ದಿನವೇ ಮರಣಶಾಸನವನ್ನೂ ಬರೆದಿಡುವುದು, ಬ್ಯಾಂಕಿನ ಲೆಕ್ಕಗಳು ಎಲ್ಲಿವೆಯೆಂದು ಹೆಂಡತಿಗೆ ತಿಳಿಸುವುದು ಸುಲಭ. ಮಧ್ಯಯುಗದ ಯಾತ್ರಿಕರು ಇದೇ ಸಾಂತಿಯಾಗೋವಿಗೆ ಹೊರಡುವ ಮುನ್ನ ಮರಣಶಾಸನವನ್ನು ಬರೆದಿಡುತ್ತಿದ್ದರು. ನಮ್ಮಲ್ಲಿ ಇನ್ನೊಂದು ವಿನೋದವುಂಟು: ಕೇಂದ್ರ ಸರ್ಕಾರದ ಪಿಂಚಣಿದಾರನು ಪ್ರತಿವರ್ಷ ನವಂಬರ್ ತಿಂಗಳಿನಲ್ಲಿ ತಾನು ಬದುಕಿರುವೆನೆಂದು ಪ್ರಮಾಣಪತ್ರವನ್ನು ಸಲ್ಲಿಸಬೇಕು. 2014ರಿಂದ ಇದನ್ನು ‘ಜೀವನ್ ಪ್ರಮಾಣ್’ ಎಂಬ ವ್ಯವಸ್ಥೆಯ ಮೂಲಕ ಕಚೇರಿಗೆ ಹೋಗದೆಯೂ ಸಲ್ಲಿಸಬಹುದಾಗಿದೆ. ವಿದೇಶದ ಬೆಟ್ಟದಲ್ಲಿ ಎಂದಿಗಿಂತಲೂ ಹೆಚ್ಚು ಬದುಕಿರುವವನು ಲೆಕ್ಕದಲ್ಲಿ ಸತ್ತವನಾಗದಂತೆ ಎಚ್ಚರವಹಿಸಬೇಕಷ್ಟೆ.

ತೂಕದ ಶಾಸ್ತ್ರವು ಕ್ಷಮಿಸುವ ಪದಾರ್ಥವು ಒಂದೇ ಒಂದಿದೆ. ಆ ದಾರಿಯ ಬಹುಭಾಗವು ಕಳೆದ ಮೇಲೆ, ಸುಮಾರು 1,500 ಮೀಟರ್ ಎತ್ತರದ ಗುಡ್ಡದ ಮೇಲೆ, ಉದ್ದವಾದ ಮರದ ಕಂಬದ ತುದಿಯಲ್ಲಿ ಒಂದು ಕಬ್ಬಿಣದ ಶಿಲುಬೆಯಿದೆ. ಅದರ ಬುಡದಲ್ಲಿ ಕಲ್ಲುಗಳ ದೊಡ್ಡ ರಾಶಿ. ಯಾತ್ರಿಕರು ತಮ್ಮ ತಮ್ಮ ಊರಿನಿಂದ ಒಂದು ಕಲ್ಲನ್ನು ತಂದು, ಅಷ್ಟು ದೂರವೂ ಹೊತ್ತು, ಅಲ್ಲಿ ಇಟ್ಟುಹೋಗುತ್ತಾರೆ. ಉಪಯೋಗವಿಲ್ಲದ ತೂಕವೆಂದು ಅದನ್ನು ಯಾರೂ ದೂರುವುದಿಲ್ಲ. ನಮ್ಮ ಉಪಾಧ್ಯಾಯರು ತಮ್ಮ ಕಲ್ಲನ್ನು ಆರಿಸುವ ಕೆಲಸವನ್ನು ತಾಯಿಗೆ ಬಿಟ್ಟಿದ್ದಾರೆ. ಆ ವೃದ್ಧೆಯು ಹಿತ್ತಿಲಿನಲ್ಲಿ ಹುಡುಕಿಸಿ ಹುಡುಕಿಸಿ ಮೂರನ್ನು ತರಿಸಿಕೊಂಡು ಕಿಟಕಿಯ ಮೇಲೆ ಇಟ್ಟುಕೊಂಡಿದ್ದಾಳೆ. ಯಾವುದನ್ನು ಕೊಡುವುದೆಂದು ಇನ್ನೂ ಗೊತ್ತುಮಾಡಿಲ್ಲ.