ತೊಲೆಯೊಳಗಿನ ಎಳೆಮರ

ಉಳಿ ಹಿಡಿದವನಿಗೆ ಮರದ ಮೇಲೆ ಎಷ್ಟು ಹಕ್ಕಿದೆ? ದುಡ್ಡು ಕೊಟ್ಟು ಕೊಂಡ ಮಾತ್ರಕ್ಕೆ ಅದು ಪೂರ್ತಿಯಾಗಿ ಅವನದಾಗಿಬಿಡುತ್ತದೆಯೇ? ಇಟಲಿಯ ಶಿಲ್ಪಿ ಜುಸೆಪ್ಪೆ ಪೆನೋನೆಯವರ ಕೆಲಸ ನೋಡುವಾಗ ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲಾಗುವುದಿಲ್ಲ.

ಪೆನೋನೆ 1947ರಲ್ಲಿ ಗಾರೆಸ್ಸಿಯೊ ಎಂಬ ಬೆಟ್ಟದೂರಿನಲ್ಲಿ ಹುಟ್ಟಿದವರು. 1967ರಲ್ಲಿ ವಿಮರ್ಶಕ ಜೆರ್ಮಾನೊ ಚೆಲಾಂತ್ 'ಆರ್ತೆ ಪೋವೆರಾ' ಎಂದು ಹೆಸರಿಟ್ಟ ಚಳವಳಿಯ ಕಿರಿಯರಲ್ಲಿ ಒಬ್ಬರು. ಬಡ ಕಲೆ ಎಂದು ಅದರ ಅರ್ಥ. ಅಮೃತಶಿಲೆಯ ವೈಭವ ಕಂಡ ನಾಡಿನಲ್ಲಿ ಈ ಗುಂಪಿನವರು ಮಣ್ಣು, ಚಿಂದಿ ಬಟ್ಟೆ, ಕಲ್ಲಿದ್ದಲುಗಳನ್ನು ಗ್ಯಾಲರಿಯೊಳಗೆ ತಂದಿಟ್ಟರು. ಉರ್ದುವಿನಲ್ಲಿ ಬಡವನಿಗೆ 'ಗರೀಬ್' ಎನ್ನುತ್ತೇವೆ. ಅರಬಿಯಲ್ಲಿ ಅದೇ ಪದಕ್ಕೆ ಅಪರಿಚಿತ ಎಂಬ ಅರ್ಥ. ನಮ್ಮ ಕನ್ನಡದ 'ಪರದೇಶಿ'ಯೂ ಹಾಗೆಯೇ ಅಲ್ಲವೇ? ಗ್ಯಾಲರಿಯ ಬಿಳಿ ಗೋಡೆಗಳ ನಡುವೆ ಆ ವಸ್ತುಗಳು ಎರಡೂ ಅರ್ಥದಲ್ಲಿ ಗರೀಬರೇ.

1968ರಲ್ಲಿ ಪೆನೋನೆ ತನ್ನೂರಿನ ಕಾಡಿಗೆ ಹೋಗಿ ಎಳೆಯ ಮರವೊಂದರ ಕಾಂಡಕ್ಕೆ ತನ್ನ ಕೈಯ ಲೋಹದ ಅಚ್ಚನ್ನು ಬಿಗಿದರು. ಆ ಜಾಗ ಒಂದನ್ನು ಬಿಟ್ಟು ಅದು ಬೆಳೆಯುತ್ತಲೇ ಇರುತ್ತದೆ ಎಂಬುದೇ ಕೃತಿಯ ಹೆಸರು. ವರ್ಷಗಳು ಕಳೆದಂತೆ ಮರ ಆ ಬೆರಳುಗಳ ಸುತ್ತ ಉಬ್ಬಿತು, ಕೈಯನ್ನು ನುಂಗತೊಡಗಿತು. ಮನುಷ್ಯ ಮತ್ತು ಪ್ರಕೃತಿಯ ಮಿಲನ ಎಂದು ಇದನ್ನು ಹೊಗಳುವವರಿದ್ದಾರೆ. ನನಗೆ ಮಾತ್ರ ಕತ್ತು ಹಿಡಿದಂತೆಯೇ ಕಾಣುತ್ತದೆ. ಆದರೆ ಕಲಾವಿದ ಅದನ್ನು ಮುಚ್ಚಿಟ್ಟಿಲ್ಲ, ಹೆಸರಿನಲ್ಲೇ ಹೇಳಿಬಿಟ್ಟಿದ್ದಾರೆ.

ಮರುವರ್ಷ ಅವರು ಬೇರೊಂದು ದಾರಿ ಹಿಡಿದರು. ಕೊಯ್ದು ಚೌಕ ಮಾಡಿದ ತೊಲೆಯನ್ನು ತೆಗೆದುಕೊಂಡು, ಅದರಲ್ಲಿ ಕಾಣುವ ವರ್ಷದ ಉಂಗುರಗಳಲ್ಲಿ ಒಂದನ್ನು ಆರಿಸಿ, ಅದರ ಜಾಡಿನಲ್ಲೇ ಉದ್ದಕ್ಕೂ ಹೊರಗಿನ ಮರವನ್ನು ಕೆತ್ತಿ ತೆಗೆಯುವುದು. ಗಂಟುಗಳನ್ನು ಮುಟ್ಟುವಂತಿಲ್ಲ, ಏಕೆಂದರೆ ಪ್ರತಿ ಗಂಟೂ ಒಂದು ಕೊಂಬೆಯ ಬುಡ. ಕೆತ್ತುತ್ತ ಹೋದಂತೆ ಹತ್ತಾರು ವರ್ಷಗಳ ಹಿಂದಿನ ಎಳೆಮರ, ರೆಂಬೆಗಳ ಸಮೇತ, ತೊಲೆಯೊಳಗಿಂದ ಹೊರಬರುತ್ತದೆ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 'ಹನ್ನೆರಡು ಮೀಟರಿನ ಮರ' (1980-82) ಇಂಥದ್ದು. ಇಲ್ಲಿ ಶಿಲ್ಪಿಯ ಇಷ್ಟಕ್ಕೆ ಹೆಚ್ಚು ಜಾಗವಿಲ್ಲ. ಯಾವ ಕೊಂಬೆ ಎತ್ತ ಚಾಚಬೇಕೆಂದು ಮರ ಎಂದೋ ತೀರ್ಮಾನಿಸಿಬಿಟ್ಟಿದೆ.

ಕತೆ ಬರೆಯುವವರ ಪಾಡು ಇದಕ್ಕಿಂತ ಕಷ್ಟದ್ದು. ನಮ್ಮ ಕಚ್ಚಾವಸ್ತು ಮನುಷ್ಯರು. ಗಂಡ ಬಿಟ್ಟುಹೋದ ಹೆಣ್ಣುಮಗಳೊಬ್ಬಳು ಬೀಡಿ ಕಟ್ಟುತ್ತ ಕೂತಿದ್ದನ್ನು ಬರೆದರೆ, ಅವಳು ಅಲ್ಲಿಂದ ಎದ್ದು ಮಕ್ಕಳನ್ನು ಓದಿಸಿ, ಮನೆ ಕಟ್ಟಿಸಿದ ಮೇಲೂ ಓದುಗರ ಮನಸ್ಸಿನಲ್ಲಿ ಬೀಡಿ ಕಟ್ಟುತ್ತಲೇ ಇರುತ್ತಾಳೆ. ಮರುಕದಿಂದ ಬರೆದೆವು ಎಂದರೆ ಹಿಡಿತ ಸಡಿಲವಾಗುವುದಿಲ್ಲ. ಬಡವರ ಬಗ್ಗೆ ಬರೆಯುವವರ ಹೆಮ್ಮೆ ಬೇರೆ ಅದಕ್ಕೆ ಸೇರಿಕೊಳ್ಳುತ್ತದೆ. ಅವಳ ಗಂಟುಗಳನ್ನು ಉಳಿಸಿ ಕೆತ್ತುವ ತಾಳ್ಮೆ ಎಷ್ಟು ಕತೆಗಳಲ್ಲಿದೆ?

ಹಾಗೆಂದು ತೊಲೆಯ ದಾರಿಯೂ ನಿಷ್ಕಳಂಕವೇನಲ್ಲ. ಅದೂ ಒಂದು ಕಾಲಕ್ಕೆ ನಿಂತ ಮರವೇ. ಕಡಿದದ್ದು ನಾನಲ್ಲ, ಸಾಮಿಲ್ಲಿನವರು ಎಂದರೆ ಲೆಕ್ಕ ಚುಕ್ತಾ ಆಗುತ್ತದೆಯೇ?

1999ರ ಡಿಸೆಂಬರಿನ ಬಿರುಗಾಳಿಗೆ ಪ್ಯಾರಿಸ್ ಬಳಿಯ ವರ್ಸೇಲ್ಸ್ ಅರಮನೆಯ ತೋಟದಲ್ಲಿ ಸಾವಿರಾರು ಮರಗಳು ಉರುಳಿದವು. ಅವುಗಳಲ್ಲಿ ಒಂದು ದೇವದಾರಿನ ಕಾಂಡವನ್ನು ಪೆನೋನೆ ಆರಿಸಿಕೊಂಡರು. ಈ ಸಲ ಕೊಡಲಿ ಯಾರ ಕೈಯಲ್ಲೂ ಇರಲಿಲ್ಲ. ದಪ್ಪ ಕಾಂಡಕ್ಕೆ ಬಾಗಿಲಿನಂತೆ ಸೀಳು ಕೊರೆದು, 2003ರ ಹೊತ್ತಿಗೆ ಒಳಗಿನ ಎಳೆಮರವನ್ನು ಬಿಡಿಸಿದರು. ಸುತ್ತಲಿನ ಮುದಿ ಮರವನ್ನು ಹಾಗೆಯೇ ಉಳಿಸಿದ್ದಾರೆ.