*ಇಂದಿನ ಧಮ್ಮ ಚಿಂತನೆ: ಊಟ ಆಯ್ತಾ?*



ಮೊನ್ನೆ ಮಾಸ್ತಿಯಿಂದ ನಾವು ನಾಲ್ಕು ಜನ ಬೆಂಗಳೂರಿಗೆ ಹೋಗಿದ್ದೆವು. ಸಂಜೆ ವಿ.ವಿ. ಪುರದ ತಿಂಡಿ ಬೀದಿ ನೋಡಿದೆವು. ಕಾಲಿಡಲು ಜಾಗವಿಲ್ಲ. ಒಂದು ಕಡೆ ಹೋಳಿಗೆ, ಇನ್ನೊಂದು ಕಡೆ ದೋಸೆ, ಅಕ್ಕಿ ರೊಟ್ಟಿ. ಪಕ್ಕದಲ್ಲಿ ನಿಂತು ತಿನ್ನುವವರು ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ.

ಇದು ತಾನಾಗಿಯೇ ಆದದ್ದಲ್ಲ ಬಂಧುಗಳೇ. ನಮ್ಮ ಹಿರಿಯರು ಹಳ್ಳಿಯ ಹೋಟ್ಲಿನ ಹೊರಗೆ ನಿಂತು, ಬೇರೆ ಇಟ್ಟ ಲೋಟದಲ್ಲಿ ಟೀ ಕುಡಿದು, ಆ ಲೋಟವನ್ನು ತಾವೇ ತೊಳೆದಿಟ್ಟು ಬಂದವರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಯ ನೀರು ಮುಟ್ಟಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಗಳ ಜೊತೆಗೆ ಅಂಗಡಿ, ಹೋಟೆಲುಗಳ ಹೆಸರೂ ಇದೆ. ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯುವಂತಿಲ್ಲ. ನಾವು ತಲೆಯೆತ್ತಿ ತಿಂದ ದೋಸೆಯ ಹಿಂದೆ ಇಷ್ಟು ದೊಡ್ಡ ಹೋರಾಟವಿದೆ.

ರಾತ್ರಿ ಹತ್ತಕ್ಕೆ ಒಂದು ಹೋಟ್ಲಿನಲ್ಲಿ ಊಟಕ್ಕೆ ಕೂತೆವು. ಎಂಜಲು ತಟ್ಟೆ ತೆಗೆಯುತ್ತಿದ್ದ ಹುಡುಗನನ್ನು "ಯಾವೂರಪ್ಪಾ?" ಎಂದೆ. "ಮಾಲೂರು ಕಡೆ ಅಣ್ಣ" ಎಂದ. "ಊಟ ಆಯ್ತಾ?" "ಇಲ್ಲಣ್ಣ, ಎಲ್ಲರದೂ ಆಗ್ಲಿ."

ನನಗೆ ತುತ್ತು ಇಳಿಯಲಿಲ್ಲ. ನಮ್ಮ ಕೋಲಾರದ ಟೊಮೆಟೊ, ಮಾಲೂರಿನ ತರಕಾರಿ, ನಮ್ಮ ಮಕ್ಕಳ ಕೈಗಳು ಆ ಊರಿಗೆ ಉಣಿಸುತ್ತವೆ. ಉಣಿಸುವವನೇ ಹಸಿದಿದ್ದಾನೆ.

ಧಮ್ಮಪದದ ಅಟ್ಠಕಥೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಭಗವಾನರು ಆಳವಿ ಎಂಬ ಊರಿಗೆ ಬಂದಿದ್ದರು. ಧಮ್ಮ ಕೇಳುವ ಆಸೆಯಿದ್ದ ಒಬ್ಬ ಬಡ ರೈತನ ಎತ್ತು ಅಂದೇ ತಪ್ಪಿಸಿಕೊಂಡಿತು. ಹುಡುಕಿ, ದಣಿದು, ಹಸಿದು ಅವನು ತಡವಾಗಿ ಬಂದ. ಊರಿನವರೆಲ್ಲ ಉಪದೇಶಕ್ಕೆ ಕಾದಿದ್ದರೂ ಭಗವಾನರು ಮೌನವಾಗಿದ್ದರು. ಉಳಿದ ಅನ್ನವಿದೆಯೇ ಎಂದು ವಿಚಾರಿಸಿ, ಮೊದಲು ಅವನಿಗೆ ಬಡಿಸಿಸಿದರು. ಅವನು ಉಂಡ ಮೇಲೆಯೇ ಧಮ್ಮ ಹೇಳಿದರು. ಹಸಿವಿನ ನೋವಿನಲ್ಲಿದ್ದವನಿಗೆ ಧಮ್ಮ ತಿಳಿಯದು ಎಂದು ಅವರಿಗೆ ಗೊತ್ತಿತ್ತು.

ಕೊನೆಗೆ ಬಂದವನಿಗಾಗಿ ಕಾಯುವುದೇ ಕರುಣೆ.

ಊರಿಗೆ ವಾಪಸ್ ಬಂದಾಗ ನಡುರಾತ್ರಿ ದಾಟಿತ್ತು. ಮನೆಯವಳು ಎದ್ದು ಬಾಗಿಲು ತೆಗೆದಳು. "ಊಟ ಆಯ್ತಾ?" ಎಂದು ನನ್ನನ್ನೇ ಕೇಳಿದಳು. ಅವಳದು ಆಗಿರಲಿಲ್ಲ. ಹೋಟ್ಲಿನವನ ಮೇಲೆ ಬಂದ ಸಿಟ್ಟು ನನ್ನ ಕಡೆಗೇ ತಿರುಗಿತು. ಇಷ್ಟು ವರ್ಷ ನನ್ನ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂದು ನಾನು ನೋಡಿಯೇ ಇರಲಿಲ್ಲ.

*ಇಂದಿನ ಅಭ್ಯಾಸ:*
1. ಹೋಟ್ಲಿನಲ್ಲಿ ತಟ್ಟೆ ತೆಗೆಯುವವರನ್ನು "ಏಯ್" ಎಂದು ಕರೆಯಬೇಡಿ.
2. ತಟ್ಟೆಯಲ್ಲಿ ಅನ್ನ ಬಿಡಬೇಡಿ.
3. ಇವತ್ತು ರಾತ್ರಿ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣಿ. ಅಡುಗೆ ಮಾಡಿದವರಿಗೆ ಮೊದಲು ನೀವೇ ಬಡಿಸಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು